ಇಟಲಿಗೆ ಮಕ್ಕಳ ಆರ್ಕೆಸ್ಟ್ರಾ ಕರೆದೊಯ್ಯುವುದು ಹೇಗೆ: ಮೊದಲ ಪತ್ರದಿಂದ ಕೊನೆಯ 'ಬಿಸ್'ವರೆಗೆ

ಪ್ರವಾಸದ ಮಾತು ಎತ್ತಿದ ಮೊದಲ ಪೋಷಕರ ಸಭೆಯಲ್ಲೇ ಯಾರಾದರೊಬ್ಬರು ಕೇಳುತ್ತಾರೆ: "ರೋಮ್, ವೆನಿಸ್, ಫ್ಲಾರೆನ್ಸ್ ಮೂರೂ ಇದೆ ತಾನೇ?" ನಾನಿರುವುದು ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ನನ್ನ ಮಗಳು ಊರಿನ ಯುವ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುತ್ತಾಳೆ. ಹನ್ನೆರಡರಿಂದ ಹತ್ತೊಂಬತ್ತು ವಯಸ್ಸಿನ ಐವತ್ತೆಂಟು ಮಕ್ಕಳ ಈ ತಂಡದ ಇಟಲಿ ಪ್ರವಾಸವನ್ನು ಮೂರು ಸಲ ಸಂಘಟಿಸಿದ್ದೇನೆ. ಮೊದಲ ಸಲ ಆ ಪ್ರಶ್ನೆಗೆ "ಇದೆ" ಎಂದಿದ್ದೆ. ಒಂಬತ್ತು ದಿನ, ಐದು ಊರು, ಐದು ಕಛೇರಿ. ಮಕ್ಕಳು ಇಟಲಿಯನ್ನು ಬಸ್ಸಿನ ಕಿಟಕಿಯಲ್ಲಿ ನೋಡಿದರು, ಅಲ್ಲೇ ನಿದ್ದೆ ಮಾಡಿದರು, ಸಂಜೆ ಸುಸ್ತಾದ ಕೈಗಳಲ್ಲಿ ಕಮಾನು ಹಿಡಿದರು. ಎರಡನೆಯ ಸಲ "ಇಲ್ಲ" ಎಂದೆ. ಆ ವರ್ಷ ಲುಕ್ಕಾ ಹತ್ತಿರದ ಒಂದು ಸಣ್ಣ ಊರಿನ ಚರ್ಚಿನಲ್ಲಿ ಮಕ್ಕಳು ನುಡಿಸಿದ್ದನ್ನು ನಾನು ಮರೆಯಲಾರೆ. ಊರಿಗೆ ಊರೇ ಬಂದಿತ್ತು. ಅಜ್ಜಿಯಂದಿರು ಮನೆಯಿಂದ ಕುರ್ಚಿ ಹೊತ್ತು ತಂದಿದ್ದರು.

ಕರ್ನಾಟಕದಿಂದ ಹೊರಗೆ ನೆಲೆಸಿದ ನಮ್ಮವರ ಮಕ್ಕಳು ಈಗ ಲಂಡನ್ನಿನಲ್ಲಿ, ಮ್ಯೂನಿಕ್‌ನಲ್ಲಿ, ನ್ಯೂಜೆರ್ಸಿಯಲ್ಲಿ ಇಂಥ ತಂಡಗಳಲ್ಲಿದ್ದಾರೆ. ಪೋಷಕರ ಸಮಿತಿಗಳಲ್ಲಿ ನಾವೂ ಕೂರುತ್ತೇವೆ. ಈ ಕೆಲಸ ನಿಮ್ಮ ಮಡಿಲಿಗೆ ಬಿದ್ದರೆ ಎಲ್ಲಿಂದ ಶುರುಮಾಡಬೇಕು, ಎಲ್ಲಿ ಎಡವುವ ಸಾಧ್ಯತೆ ಹೆಚ್ಚು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಲೆಕ್ಕದಲ್ಲಿ ಎಲ್ಲ ಏರ್ಪಾಡುಗಳ ಗುರಿ ಒಂದೇ: ರಾತ್ರಿ ಒಂಬತ್ತಕ್ಕೆ ಮಗು ವೇದಿಕೆಯ ಮೇಲೆ ಕೂತಾಗ ಅದಕ್ಕೆ ನಿದ್ದೆ ಆಗಿರಬೇಕು, ಹೊಟ್ಟೆ ತುಂಬಿರಬೇಕು, ವಾದ್ಯ ಶ್ರುತಿಯಲ್ಲಿರಬೇಕು, ಎದುರಿಗೆ ಕೇಳುವ ಜನ ಇರಬೇಕು.

ಹೆಜ್ಜೆ 1: ದಾರಿ ಹಾಕುವುದು (ಹದಿನೈದು ತಿಂಗಳು ಮೊದಲು)

ಎಂಟು ದಿನಕ್ಕೆ ನಾಲ್ಕು ಕಛೇರಿ ಸಾಕು. ತಂಗುವುದು ಎರಡೇ ಕಡೆ. ದಿನಕ್ಕೊಂದು ಹೋಟೆಲ್ ಬದಲಿಸಿದರೆ ಪ್ರತಿ ಬೆಳಿಗ್ಗೆ ಎರಡು ಗಂಟೆ ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ. ಒಂದಲ್ಲ ಒಂದು ಕರಿ ಶೂ ಹಿಂದಿನ ಊರಿನಲ್ಲೇ ಉಳಿಯುತ್ತದೆ.

ನಮಗೆ ಕೂಡಿಬಂದ ದಾರಿ ಹೀಗಿದೆ. ಬ್ರೆನ್ನರ್ ಕಣಿವೆ ದಾಟಿ ಇಳಿದು ಮೊದಲ ಮೂರು ರಾತ್ರಿ ವೆರೋನಾದ ಆಸುಪಾಸಿನಲ್ಲಿ. ಮಾಂಟೋವಾ ಅಲ್ಲಿಂದ ಒಂದು ಗಂಟೆಯೂ ಇಲ್ಲ, ಅದರಾಚೆಗೆ ಕ್ರೆಮೋನಾ. ಆಮೇಲೆ ಬೊಲೊನ್ಯಾದಲ್ಲಿ ಊಟಕ್ಕೆ ನಿಂತು, ಅಪೆನ್ನೈನ್ ಬೆಟ್ಟ ದಾಟಿ ಟಸ್ಕನಿಗೆ. ಮುಂದಿನ ನಾಲ್ಕು ರಾತ್ರಿ ಮಾಂಟೆಕಾಟೀನಿ ತೆರ್ಮೆಯಲ್ಲಿ. ಇದು ಬಿಸಿನೀರಿನ ಬುಗ್ಗೆಗಳ ಊರು. ದೊಡ್ಡ ಗುಂಪುಗಳಿಗೆ ಒಗ್ಗಿದ ಹೋಟೆಲುಗಳು ಸಾಲುಸಾಲಾಗಿವೆ, ಬಸ್ಸು ಬಾಗಿಲ ತನಕ ಬರುತ್ತದೆ. ಫ್ಲಾರೆನ್ಸ್, ಲುಕ್ಕಾ, ಪೀಸಾ ಮೂರೂ ಇಲ್ಲಿಂದ ಹತ್ತಿರ. ರೋಮ್ ನೋಡಲೇಬೇಕೆಂದರೆ ಅದಕ್ಕೇ ಬೇರೆ ಪ್ರವಾಸ ಇಟ್ಟುಕೊಳ್ಳಿ.

ವೆನಿಸ್ ಬಗ್ಗೆ ಒಂದು ಮಾತು. ಆ ಊರಿನೊಳಗೆ ಬಸ್ಸು ಹೋಗುವುದಿಲ್ಲ. ಟ್ರೊಂಕೆಟ್ಟೋದಲ್ಲಿ ಇಳಿದು ದೋಣಿ ಹಿಡಿಯಬೇಕು, ಆಮೇಲೆ ಮೆಟ್ಟಿಲಿರುವ ಸೇತುವೆಗಳು. ಚೆಲ್ಲೋ ಹೊತ್ತ ಹದಿಮೂರರ ಹುಡುಗನಿಗೆ ಜುಲೈ ಬಿಸಿಲಿನಲ್ಲಿ ಅದು ಶಿಕ್ಷೆ. ವೆನಿಸ್ಸನ್ನು ವಾದ್ಯವಿಲ್ಲದ ದಿನ ನೋಡಿ. ಆ ಊರು ರಾತ್ರಿ ತಂಗದೆ ಹಗಲು ಮಾತ್ರ ಬಂದು ಹೋಗುವವರಿಂದ 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ವಸೂಲು ಮಾಡುತ್ತಿದೆ. ಹದಿನಾಲ್ಕರ ಒಳಗಿನ ಮಕ್ಕಳಿಗೆ ವಿನಾಯಿತಿ ಇದೆ. ದಿನ ಗೊತ್ತುಮಾಡುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ.

ಊರುಗಳನ್ನು ಆರಿಸುವಾಗ ಮಕ್ಕಳ ಸಂಗೀತದ ಜಾಡು ಹಿಡಿದು ಹೋದರೆ ಪ್ರವಾಸಕ್ಕೊಂದು ಜೀವ ಬರುತ್ತದೆ. ಮಾಂಟೋವಾದಲ್ಲಿ ಬಿಬಿಯೇನಾ ಎಂಬ ಪುಟ್ಟ ರಂಗಮಂದಿರವಿದೆ. ಅದು 1769ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಮುಂದಿನ ತಿಂಗಳೇ, 1770ರ ಜನವರಿ 16ರಂದು, ಅಲ್ಲಿ ಮೊಜಾರ್ಟ್ ನುಡಿಸಿದ. ಆಗ ಅವನಿಗೆ ಹದಿನಾಲ್ಕು ತುಂಬಲು ಇನ್ನೂ ಹನ್ನೊಂದು ದಿನ ಬಾಕಿ. ನಮ್ಮ ಎರಡನೇ ಪಿಟೀಲಿನ ಹುಡುಗರದ್ದೂ ಅದೇ ವಯಸ್ಸು. ಆ ಗಂಟೆಯಾಕಾರದ ಸಭಾಂಗಣದಲ್ಲಿ ನಿಂತು ಇದನ್ನು ಹೇಳಿದಾಗ ಅವರ ಮುಖ ನೋಡಬೇಕು. ವೆನಿಸ್ಸಿನ ಪಿಯೆತಾ ಅನಾಥಾಲಯದ್ದೂ ಅಂಥದೇ ಕಥೆ. 1703ರಲ್ಲಿ ಸಂಗೀತಕಾರ ವಿವಾಲ್ಡಿ ಅಲ್ಲಿ ಪಿಟೀಲು ಮೇಷ್ಟ್ರಾಗಿ ಸೇರಿದರು. ಅನಾಥ ಹೆಣ್ಣುಮಕ್ಕಳ ಆ ಆರ್ಕೆಸ್ಟ್ರಾವನ್ನು ಕೇಳಲು ಯೂರೋಪಿನ ಎಲ್ಲೆಡೆಯಿಂದ ಜನ ಬರುತ್ತಿದ್ದರು. ಜಾಲರಿಯ ಹಿಂದೆ ನಿಂತು ಆ ಹುಡುಗಿಯರು ನುಡಿಸುತ್ತಿದ್ದರು. ಇವತ್ತು ಕಾಲುವೆ ದಂಡೆಯಲ್ಲಿ ನಿಂತಿರುವ ಪಿಯೆತಾ ಚರ್ಚನ್ನು 'ವಿವಾಲ್ಡಿಯ ಚರ್ಚ್' ಎಂದು ತೋರಿಸುವುದುಂಟು. ಆದರೆ ಅದನ್ನು ಕಟ್ಟಲು ಶುರುಮಾಡಿದ್ದು 1745ರಲ್ಲಿ, ವಿವಾಲ್ಡಿ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ. ಮಕ್ಕಳಿಗೆ ನಿಜವನ್ನೇ ಹೇಳಿ. ಆ ಹುಡುಗಿಯರ ಕಥೆಗೆ ಸುಳ್ಳಿನ ಆಸರೆ ಬೇಕಿಲ್ಲ.

ಕ್ರೆಮೋನಾವನ್ನು ಮಾತ್ರ ಬಿಡಬೇಡಿ. ಪಿಟೀಲು ತಯಾರಿಕೆಗೆ ಹೆಸರಾದ ಅಮಾತಿ, ಸ್ತ್ರಾದಿವಾರಿ, ಗ್ವಾರ್ನೇರಿ ಮನೆತನಗಳ ಊರು ಅದು. ಅಲ್ಲಿನ ಪಿಟೀಲು ತಯಾರಿಕೆಯ ಕಲೆಯನ್ನು ಯುನೆಸ್ಕೋ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2013ರಲ್ಲಿ ಪಿಟೀಲು ವಸ್ತುಸಂಗ್ರಹಾಲಯ ತೆರೆಯಿತು. ಅದರೊಳಗಿನ ಸಭಾಂಗಣದಲ್ಲಿ ಆ ಹಳೆಯ ವಾದ್ಯಗಳನ್ನು ನುಡಿಸಿ ಕೇಳಿಸುತ್ತಾರೆ. ಗುಂಪಿಗೆ ಮುಂಚೆಯೇ ಜಾಗ ಕಾದಿರಿಸಬೇಕು. ಊರೊಳಗೆ ಇವತ್ತಿಗೂ ಕೈಯಲ್ಲೇ ಪಿಟೀಲು ಕೆತ್ತುವವರ ಅಂಗಡಿಗಳಿವೆ. ಅರ್ಧ ದಿನ ಅಲ್ಲಿಗೇ ಮೀಸಲಿಡಿ, ಸಂಜೆ ಕಛೇರಿ ಇಡಬೇಡಿ.

ಹೆಜ್ಜೆ 2: ಯಾವ ತಿಂಗಳು

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಅತಿ ಒಳ್ಳೆಯದು. ನಮ್ಮ ಬವೇರಿಯಾದ ಶಾಲೆಗಳಿಗೆ ಆಗ ಎರಡು ವಾರ ರಜೆ ಇರುವುದೂ ಅನುಕೂಲ. ಜುಲೈನಲ್ಲಿ ಸೆಕೆ ಹೆಚ್ಚು, ಆದರೆ ಬಯಲು ಕಛೇರಿಗಳಿಗೆ ಜನ ಬರುತ್ತಾರೆ. ಆಗಸ್ಟ್ 15 ಫೆರಾಗೋಸ್ತೋ ಹಬ್ಬ. ಅದರ ಹಿಂದುಮುಂದಿನ ವಾರ ನಗರದವರೆಲ್ಲ ಸಮುದ್ರ, ಬೆಟ್ಟ ಎಂದು ಹೊರಟುಬಿಡುತ್ತಾರೆ. ಆಗ ಫ್ಲಾರೆನ್ಸಿನಲ್ಲಿ ನುಡಿಸಿದರೆ ಕೇಳುವವರು ಪ್ರವಾಸಿಗರಷ್ಟೇ. ಈಸ್ಟರ್ ವಾರದಲ್ಲಿ ಚರ್ಚುಗಳಿಗೆ ಬಿಡುವೇ ಇರುವುದಿಲ್ಲ.

ಬೇಸಿಗೆಯ ಕಛೇರಿಗಳು ರಾತ್ರಿ ಒಂಬತ್ತಕ್ಕೆ ಶುರುವಾಗುತ್ತವೆ. ಬೇಗ ಇಡೋಣ ಎಂದು ಹಟ ಮಾಡಬೇಡಿ. ಏಳು ಗಂಟೆಗೆ ಬಿಸಿಲು ಇನ್ನೂ ಗೋಡೆ ಮೇಲಿರುತ್ತದೆ, ಊರವರ ಊಟವಾಗಿರುವುದಿಲ್ಲ, ಯಾರೂ ಬರುವುದಿಲ್ಲ.

ಹೆಜ್ಜೆ 3: ಜಾಗ ಮತ್ತು ಜನ (ಹನ್ನೆರಡು ತಿಂಗಳು ಮೊದಲು)

ಹೆಚ್ಚಿನ ಯುವ ಆರ್ಕೆಸ್ಟ್ರಾಗಳು ಇಟಲಿಯಲ್ಲಿ ನುಡಿಸುವುದು ಚರ್ಚುಗಳಲ್ಲಿ. ಆದ್ದರಿಂದ ಚರ್ಚಿನ ನಿಯಮ ಮೊದಲು ತಿಳಿದಿರಲಿ. 1987ರ ನವೆಂಬರ್ 5ರಂದು ವ್ಯಾಟಿಕನ್ 'ಚರ್ಚುಗಳಲ್ಲಿ ಕಛೇರಿ' ಕುರಿತು ಒಂದು ಪತ್ರ ಹೊರಡಿಸಿತು. ಅದರ ಸಾರ ಇಷ್ಟು: ಸ್ಥಳೀಯ ಧರ್ಮಾಧ್ಯಕ್ಷರ ಅನುಮತಿಯನ್ನು ಬರಹದಲ್ಲಿ ಕೇಳಬೇಕು, ದಿನಾಂಕದ ಜೊತೆಗೆ ಕೃತಿಗಳ ಪಟ್ಟಿಯನ್ನೂ ಕೊಡಬೇಕು. ಸಂಗೀತ ಆ ಜಾಗಕ್ಕೆ ಒಪ್ಪುವ ಧಾರ್ಮಿಕ ಸ್ವರೂಪದ್ದಾಗಿರಬೇಕು. ಪ್ರವೇಶ ಎಲ್ಲರಿಗೂ ಉಚಿತ. ವಾದಕರು ಬಲಿಪೀಠದ ಆವರಣದಲ್ಲಿ ಕೂರಬಾರದು, ಉಡುಪು ಮತ್ತು ನಡತೆ ಪವಿತ್ರ ಜಾಗಕ್ಕೆ ತಕ್ಕಂತಿರಬೇಕು.

ಈ ನಿಯಮದಿಂದ ಎರಡು ಪರಿಣಾಮ. ಒಂದು, ಟಿಕೆಟ್ ಮಾರಿ ಖರ್ಚು ಹುಟ್ಟಿಸುವ ಆಸೆ ಬಿಡಿ. ಬಾಗಿಲಲ್ಲಿ ಬುಟ್ಟಿ ಇಟ್ಟು ಬಂದ ಕಾಣಿಕೆಯನ್ನು ಆ ಚರ್ಚಿಗೋ ಊರಿನ ಯಾವುದಾದರೂ ಸೇವಾಕಾರ್ಯಕ್ಕೋ ಕೊಡುವುದಾಗಿ ಮೊದಲ ಪತ್ರದಲ್ಲೇ ಬರೆಯಿರಿ, ಬಾಗಿಲು ಬೇಗ ತೆರೆಯುತ್ತದೆ. ಎರಡು, ರೊಸ್ಸಿನಿಯ ತುಂಟ ಓವರ್ಚರ್‌ಗಳನ್ನು (ಒಪೆರಾದ ಶುರುವಿನಲ್ಲಿ ನುಡಿಸುವ ವಾದ್ಯಸಂಗೀತ) ಬಯಲಿಗೋ ರಂಗಮಂದಿರಕ್ಕೋ ಇಟ್ಟುಕೊಳ್ಳಿ. ಎಂದರೆ ನಿಮಗೆ ಎರಡು ಕಾರ್ಯಕ್ರಮ ಬೇಕು, ಒಂದು ಚರ್ಚಿಗೆ, ಇನ್ನೊಂದು ಚೌಕಕ್ಕೆ.

ಪತ್ರವನ್ನು ಇಟಾಲಿಯನ್ ಭಾಷೆಯಲ್ಲೇ ಬರೆಸಿ. ಒಂದು ಪ್ರತಿ ಪಾರೋಕೋಗೆ, ಎಂದರೆ ಆ ಚರ್ಚಿನ ಪಾದ್ರಿಗೆ. ಇನ್ನೊಂದು ಪುರಸಭೆಯಲ್ಲಿ ಸಂಸ್ಕೃತಿಯ ಹೊಣೆ ಹೊತ್ತ ಸದಸ್ಯರಿಗೆ. ಅವರನ್ನು 'ಅಸೆಸ್ಸೋರೆ ಅಲ್ಲಾ ಕುಲ್ತೂರಾ' ಎನ್ನುತ್ತಾರೆ. ಪುರಸಭೆಯಿಂದ 'ಪಾತ್ರೊಚೀನಿಯೋ' ಕೇಳಿ. ಅದು ದುಡ್ಡಿನ ನೆರವಲ್ಲ, ಊರಿನ ಲಾಂಛನವನ್ನು ನಿಮ್ಮ ಪೋಸ್ಟರ್ ಮೇಲೆ ಹಾಕಿಕೊಳ್ಳುವ ಅನುಮತಿ. ಆ ಲಾಂಛನ ಇದ್ದರೆ ಊರವರು ಇದನ್ನು ತಮ್ಮ ಕಾರ್ಯಕ್ರಮ ಎಂದು ಬಗೆಯುತ್ತಾರೆ. ಸಣ್ಣ ಊರುಗಳಲ್ಲಿ 'ಪ್ರೋ ಲೋಕೋ' ಎಂಬ ಸ್ವಯಂಸೇವಕರ ಸಂಘಗಳಿರುತ್ತವೆ. ನಮ್ಮಲ್ಲಿ ಗಣೇಶೋತ್ಸವ ಸಮಿತಿಯವರು ಓಡಾಡುವ ಹಾಗೆ ಓಡಾಡುವ ಜನ. ಕುರ್ಚಿ, ಪೋಸ್ಟರ್, ಕಛೇರಿ ಮುಗಿದ ಮೇಲೆ ಮಕ್ಕಳಿಗೆ ಕಲ್ಲಂಗಡಿ ಹಣ್ಣು, ಎಲ್ಲಕ್ಕೂ ಇವರೇ ಆಸರೆ. ಸ್ಥಳೀಯ ಸಂಗೀತ ಶಾಲೆಗೂ ಬರೆದು ಒಂದು ಕೃತಿಯನ್ನು ಅಲ್ಲಿನ ಮಕ್ಕಳ ಜೊತೆ ಕೂಡಿ ನುಡಿಸುವ ಪ್ರಸ್ತಾಪ ಇಡಿ. ಇಪ್ಪತ್ತು ಸ್ಥಳೀಯ ಮಕ್ಕಳು ವೇದಿಕೆ ಹತ್ತಿದರೆ ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲರೂ ಎದುರಿಗೆ ಕೂತಿರುತ್ತಾರೆ.

ಆರು ತಿಂಗಳು ಮೊದಲು ಒಬ್ಬರಾದರೂ ಹೋಗಿ ಪ್ರತಿ ಜಾಗವನ್ನೂ ಕಣ್ಣಾರೆ ನೋಡಿ ಬರಬೇಕು. ಇದಕ್ಕೆ ತಗಲುವ ವಿಮಾನ ಖರ್ಚನ್ನು ಉಳಿಸಲು ಹೋಗಬೇಡಿ. ನೋಡಬೇಕಾದದ್ದು ಇಷ್ಟು: ಕೈಯಾಸರೆ ಇಲ್ಲದ ಕುರ್ಚಿ ಎಷ್ಟಿವೆ, ಬಸ್ಸು ಎಷ್ಟು ಹತ್ತಿರ ಬರುತ್ತದೆ, ಶೌಚಾಲಯ ಎಲ್ಲಿದೆ (ಹಳೆಯ ಚರ್ಚುಗಳಲ್ಲಿ ಹಲವು ಸಲ ಇರುವುದೇ ಇಲ್ಲ, ಪಕ್ಕದ ಕಾಫಿ ಅಂಗಡಿಯವರೊಡನೆ ಮಾತಾಡಬೇಕು), ರಾತ್ರಿ ಹಾಳೆ ಓದುವಷ್ಟು ಬೆಳಕಿದೆಯೇ, ಒಂಬತ್ತು ಗಂಟೆಗೆ ಗಂಟೆ ಬಾರಿಸುತ್ತದೆಯೇ. ಕೊನೆಯದು ಸಣ್ಣ ವಿಷಯವಲ್ಲ. ಕೇಳಿಕೊಂಡರೆ ಒಂದು ಸಂಜೆಯ ಮಟ್ಟಿಗೆ ಗಂಟೆ ನಿಲ್ಲಿಸುತ್ತಾರೆ, ಆದರೆ ಕೇಳಬೇಕು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಸದ್ದು ಅಡಗಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಎಣಿಸಿ ಬರೆದುಕೊಳ್ಳಿ. ಆ ಸಂಖ್ಯೆ ಆರ್ಕೆಸ್ಟ್ರಾ ಮುನ್ನಡೆಸುವ ನಿಮ್ಮ ಕಂಡಕ್ಟರಿಗೆ ಬಂಗಾರ.

ಹೆಜ್ಜೆ 4: ಏನು ನುಡಿಸುವುದು, ಹಕ್ಕುಸ್ವಾಮ್ಯ ಹೇಗೆ

ಕಲ್ಲಿನ ಚರ್ಚಿನಲ್ಲಿ ನಾದ ನಾಲ್ಕೈದು ಸೆಕೆಂಡು ತೇಲುತ್ತದೆ. ವೇಗದ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತವೆ. ಉದ್ದ ನಾದದ, ನಿಧಾನ ಚಲನೆಯ ಕೃತಿಗಳಿಗೆ ಅದೇ ಜಾಗ ಸ್ವರ್ಗ. ಕೊರೆಲ್ಲಿಯ ಕ್ರಿಸ್ಮಸ್ ಕನ್ಚೆರ್ಟೊ ಆಗಸ್ಟಿನಲ್ಲೂ ಚೆನ್ನಾಗಿರುತ್ತದೆ. ತಂತಿವಾದ್ಯಗಳಿಗಷ್ಟೇ ಬರೆದ ರೆಸ್ಪೀಗಿಯ 'ಹಳೆಯ ನೃತ್ಯಗಳು' ಮೂರನೇ ಗುಚ್ಛ ಬಯಲು ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ್ದು. ಮಸ್ಕಾನಿಯ ಕವಲ್ಲೆರಿಯಾ ರುಸ್ತಿಕಾನಾ ಎಂಬ ಒಪೆರಾದ ನಡುವೆ ಬರುವ ವಾದ್ಯಸಂಗೀತ, ಇಂಟರ್‌ಮೆಜ್ಜೋ, ಶುರುವಾದರೆ ಸಾಕು, ಮೂರನೇ ಸಾಲಿನ ಅಜ್ಜ ಕಣ್ಣು ಮುಚ್ಚುತ್ತಾರೆ. ಆದರೆ ಎಲ್ಲವೂ ಇಟಲಿಯದೇ ಬೇಡ. ನಿಮ್ಮ ಊರಿನ ಸಂಗೀತವನ್ನೂ ಒಯ್ಯಿರಿ, ಅವರಿಗೆ ಬೇಕಿರುವುದು ಅದೇ.

ಇಟಲಿಯಲ್ಲಿ ಸಾರ್ವಜನಿಕ ಕಛೇರಿಯ ಹಕ್ಕುಸ್ವಾಮ್ಯ ನೋಡಿಕೊಳ್ಳುವುದು ಮುಖ್ಯವಾಗಿ ಸಿಯಾಯೆ ಎಂಬ ಸಂಸ್ಥೆ. ಪ್ರವೇಶ ಉಚಿತವಾದ ಮಾತ್ರಕ್ಕೆ ಅದರಿಂದ ಬಿಡುಗಡೆ ಇಲ್ಲ. ಅರ್ಜಿ ಹಾಕಿ, ನುಡಿಸಿದ ಕೃತಿಗಳ ಪಟ್ಟಿ ತುಂಬಿಕೊಡಬೇಕು. ಇದಕ್ಕೆ 'ಬೊರ್ದೆರೋ' ಎನ್ನುತ್ತಾರೆ. ಕರ್ತೃ ತೀರಿಕೊಂಡು 70 ವರ್ಷ ದಾಟಿದ್ದರೆ ಕೃತಿ ಮುಕ್ತ. 1924ರಲ್ಲಿ ತೀರಿಕೊಂಡ ಪುಚ್ಚೀನಿ, 1936ರ ರೆಸ್ಪೀಗಿ, 1945ರ ಮಸ್ಕಾನಿ ಈಗ ಮುಕ್ತರು. 1979ರಲ್ಲಿ ತೀರಿಕೊಂಡ ನೀನೋ ರೋತಾ, 2020ರ ಮೊರ್ರಿಕೋನೆ ಮುಕ್ತರಲ್ಲ. ಹಳೆಯ ಕೃತಿಯಾದರೂ ಅದರ ಹೊಸ ಅಳವಡಿಕೆಗೆ ಬೇರೆ ಹಕ್ಕಿರುತ್ತದೆ. ಇದನ್ನು ಯಾರು ಮಾಡುತ್ತಾರೆ, ನೀವೋ ಆ ಊರಿನವರೋ ಎಂಬುದನ್ನು ಮೊದಲ ಪತ್ರದಲ್ಲೇ ತೀರ್ಮಾನಿಸಿ.

ಕಾರ್ಯಕ್ರಮ ಪಟ್ಟಿ ಅಚ್ಚು ಹಾಕಿಸುವಾಗ ಸ್ವರಗಳ ಹೆಸರು ಇಟಾಲಿಯನ್ ರೀತಿಯಲ್ಲಿರಲಿ. ಸಿ ಎಂಬುದು ಅಲ್ಲಿ 'ದೋ', ಡಿ ಎಂಬುದು 'ರೇ', ಎ ಎಂಬುದು 'ಲಾ'. ನಮ್ಮ ಸರಿಗಮದಂತೆ ಅಲ್ಲಿ ದೋ ರೇ ಮಿ. ಸಾವಿರ ವರ್ಷದ ಹಿಂದೆ ಈ ಪದ್ಧತಿಗೆ ಬುನಾದಿ ಹಾಕಿದ ಗ್ವೀದೋಗೆ ಹೆಸರು ಕೊಟ್ಟ ಅರೆತ್ಸೋ ಊರೂ ಟಸ್ಕನಿಯಲ್ಲೇ ಇದೆ. ಇನ್ನೊಂದು, ಪೋಸ್ಟರನ್ನಾಗಲಿ ಮಕ್ಕಳ ಉಡುಪನ್ನಾಗಲಿ ನೇರಳೆ ಬಣ್ಣದಲ್ಲಿ ಮಾಡಿಸಬೇಡಿ. ಇಟಲಿಯ ರಂಗಭೂಮಿಯವರಿಗೆ ಅದು ಅಪಶಕುನ. ಲೆಂಟ್ ಉಪವಾಸದ ಕಾಲದಲ್ಲಿ ಪಾದ್ರಿಗಳು ನೇರಳೆ ಉಡುತ್ತಿದ್ದರು, ಹಿಂದಿನ ಕಾಲದಲ್ಲಿ ಆ ದಿನಗಳಲ್ಲಿ ನಾಟಕಶಾಲೆಗಳು ಮುಚ್ಚಿ ಕಲಾವಿದರಿಗೆ ಅನ್ನವಿಲ್ಲದಂತಾಗುತ್ತಿತ್ತು ಎನ್ನುತ್ತಾರೆ. ಆ ಬಣ್ಣಕ್ಕೆ ಇಟಾಲಿಯನ್ ಹೆಸರು 'ವಿಯೋಲಾ'. ವಾದ್ಯದ ಹೆಸರೂ ಅದೇ ಎಂದು ಮಗಳಿಗೆ ಹೇಳಿದಾಗ ಅವಳು ಒಂದು ದಿನವಿಡೀ ಅದನ್ನೇ ಯೋಚಿಸುತ್ತಿದ್ದಳು.

ಹೆಜ್ಜೆ 5: ಪಾಸ್‌ಪೋರ್ಟ್, ವೀಸಾ, ಮರ ಮತ್ತು ದಂತ

ಎಂಟು ತಿಂಗಳು ಮೊದಲೇ ಪ್ರತಿ ಮಗುವಿನ ಪಾಸ್‌ಪೋರ್ಟಿನ ನಕಲು ನಿಮ್ಮ ಕೈಲಿರಲಿ. ಭಾರತದ ಪಾಸ್‌ಪೋರ್ಟ್ ಇದ್ದು ಜರ್ಮನಿಯಂಥ ಶೆಂಗೆನ್ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಕೂಟ) ದೇಶದ ವಾಸದ ಪರವಾನಗಿ ಇರುವ ಮಗುವಿಗೆ ಇಟಲಿಗೆ ಬೇರೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡ್ ಎರಡೂ ಜೊತೆಗಿರಬೇಕು. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಬೆಳೆಯುತ್ತಿದ್ದರೂ ಭಾರತದ ಪಾಸ್‌ಪೋರ್ಟ್ ಇರುವ ಮಗುವಿಗೆ ಶೆಂಗೆನ್ ವೀಸಾ ಬೇಕೇ ಬೇಕು. ಇಡೀ ತಂಡದಲ್ಲಿ ಅಂಥ ಒಂದೇ ಮಗು ಇರಬಹುದು. ಅದು ನಮ್ಮದೇ ಮನೆಯದಾಗಿರುವ ಸಾಧ್ಯತೆ ಹೆಚ್ಚು, ಉಳಿದ ಪೋಷಕರಿಗೆ ಇದು ಹೊಳೆಯುವುದೂ ಇಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎಂದಿದ್ದರೂ ಬೇಸಿಗೆಯಲ್ಲಿ ಅರ್ಜಿ ಕೊಡುವ ದಿನವೇ ಸಿಗುವುದು ಕಷ್ಟ. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಪ್ರತಿ ಮಗುವಿಗೂ ಇರಲಿ.

2025ರ ಅಕ್ಟೋಬರ್‌ನಿಂದ ಶೆಂಗೆನ್ ಗಡಿಯಲ್ಲಿ ಹೊರದೇಶದವರ ಫೋಟೋ, ಬೆರಳಚ್ಚು ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿದೆ. ಹನ್ನೆರಡರ ಒಳಗಿನವರಿಗೆ ಬೆರಳಚ್ಚು ಇಲ್ಲ. ಅರವತ್ತು ಜನ ಅದನ್ನು ದಾಟಲು ಹೊತ್ತು ಹಿಡಿಯುತ್ತದೆ. ಇಳಿದ ದಿನವೇ ಕಛೇರಿ ಬೇಡ.

ವಾದ್ಯಗಳಿಗೂ ಒಂದು ರೀತಿಯ ಪಾಸ್‌ಪೋರ್ಟ್ ಬೇಕಾಗಬಹುದು. ಯೂರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಳೆಯ ಕಮಾನುಗಳನ್ನು ಪರೀಕ್ಷಿಸಿ. ತುದಿಯಲ್ಲಿ ಆನೆದಂತವೋ ಹಿಡಿಯ ಬಳಿ ಆಮೆಚಿಪ್ಪೋ ಇದ್ದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪ್ರಮಾಣಪತ್ರ ಬೇಕು. ಅದು ಸಿಗಲು ತಿಂಗಳುಗಳೇ ಬೇಕಾಗುತ್ತವೆ. ಸುಲಭದ ದಾರಿ, ಆ ಕಮಾನನ್ನು ಮನೆಯಲ್ಲಿಟ್ಟು ಇಂಗಾಲ ನಾರಿನ ಕಮಾನು ಒಯ್ಯುವುದು. ನಮ್ಮ ಮಲೆನಾಡಿನ ಬೀಟೆಯೂ, ಕ್ಲಾರಿನೆಟ್ಟು ಮಾಡುವ ಆಫ್ರಿಕಾದ ಕರಿಮರವೂ ಒಂದೇ ಕುಲದವು. ಈ ಕುಲದ ಮರಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರಿಂದ ಸೈಟಿಸ್ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ಬೀಟೆ ಮಾತ್ರ ಹೊರತು, 1992ರಿಂದ ಅದಕ್ಕೆ ಅತಿ ಕಟ್ಟುನಿಟ್ಟು.

ಹೆಜ್ಜೆ 6: ಯಾವ ವಾದ್ಯ ಒಯ್ಯುವುದು, ಯಾವುದು ಬಾಡಿಗೆ

ವಿಮಾನದಲ್ಲಿ ಹೋಗುವುದಾದರೆ ಡಬಲ್ ಬಾಸ್, ಟಿಂಪನಿ, ದೊಡ್ಡ ಡ್ರಮ್, ಹಾರ್ಪ್ ಇವನ್ನು ಇಟಲಿಯಲ್ಲೇ ಬಾಡಿಗೆಗೆ ಹಿಡಿಯಿರಿ. ಬಾಸ್ ಬಾಡಿಗೆಯದಾದರೂ ಕಮಾನು ಮಕ್ಕಳದೇ ಇರಲಿ. ಜರ್ಮನ್ ಹಿಡಿತಕ್ಕೂ ಫ್ರೆಂಚ್ ಹಿಡಿತಕ್ಕೂ ಕಮಾನೇ ಬೇರೆ. ಚೆಲ್ಲೋಗೆ ಒಂದೊಂದು ಸೀಟು ಕೊಳ್ಳಬೇಕು, ಖರ್ಚಿನ ಪಟ್ಟಿಯಲ್ಲಿ ಮರೆಯಬೇಡಿ. ಓಬೋ ಎಂಬ ಊದುವ ವಾದ್ಯ ನುಡಿಸುವ ಮಕ್ಕಳಿಗೆ ರೀಡ್ (ಬಾಯಿಗಿಡುವ ಜೊಂಡಿನ ಪಟ್ಟಿ) ಹೆರೆಯುವ ಚಾಕುವನ್ನು ಕೆಳಗೆ ಹೋಗುವ ಪೆಟ್ಟಿಗೆಯಲ್ಲಿಡಲು ಹೇಳಿ, ಇಲ್ಲದಿದ್ದರೆ ಭದ್ರತಾ ತಪಾಸಣೆಯಲ್ಲಿ ಅದು ಹೋಯಿತೆಂದೇ ಲೆಕ್ಕ.

ನಿಲ್ಲಿಸಿದ ಬಸ್ಸಿನೊಳಗೆ ವಾದ್ಯ ಬಿಡಲೇಬೇಡಿ. ಬೇಸಿಗೆಯಲ್ಲಿ ಒಳಗಿನ ಕಾವಿಗೆ ಅಂಟು ಕರಗಿ ಪಿಟೀಲಿನ ಪಕ್ಕೆ ಬಿಚ್ಚಿಕೊಳ್ಳುತ್ತದೆ. ಸೆಕೆಗೆ ತಂತಿವಾದ್ಯಗಳ ಶ್ರುತಿ ಇಳಿಯುತ್ತದೆ, ಊದುವ ವಾದ್ಯಗಳದ್ದು ಏರುತ್ತದೆ, ಎರಡೂ ವಿರುದ್ಧ ದಿಕ್ಕಿಗೆ. ಇಟಲಿಯಲ್ಲಿ 'ಲಾ' ಸ್ವರ 440 ಹರ್ಟ್ಸ್ ಇರಬೇಕೆಂದು 1989ರಲ್ಲಿ ಕಾನೂನೇ ಆಗಿದೆ, ಆದರೂ ವೇದಿಕೆಗಳಲ್ಲಿ 442 ಸಾಮಾನ್ಯ. ಚರ್ಚಿನ ಆರ್ಗನ್ ಜೊತೆ ನುಡಿಸುವುದಿದ್ದರೆ ಅದರ ಶ್ರುತಿ ಎಷ್ಟೆಂದು ಮೊದಲೇ ಕೇಳಿ. ಆರ್ಗನ್ ನಿಮಗಾಗಿ ಬದಲಾಗದು.

ಹೆಚ್ಚುವರಿ ತಂತಿಗಳು, ರಾಳ, ಹಾಳೆಗೆ ಸಿಕ್ಕಿಸುವ ಬ್ಯಾಟರಿ ದೀಪಗಳು, ಬಟ್ಟೆ ಒಣಹಾಕುವ ಕ್ಲಿಪ್ಪು ಇನ್ನೂರು. ಸಂಜೆ ಗಾಳಿ ಎದ್ದರೆ ಸ್ವರದ ಹಾಳೆ ಉಳಿಸುವುದು ಆ ಕ್ಲಿಪ್ಪುಗಳೇ.

ಹೆಜ್ಜೆ 7: ಚಾಲಕರ ಗಡಿಯಾರ

ಇದನ್ನು ಎರಡು ಸಲ ಓದಿ. ಮೊದಲ ಪ್ರವಾಸದಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲೇ.

ಯೂರೋಪ್ ಒಕ್ಕೂಟದ 561/2006 ನಿಯಮದ ಪ್ರಕಾರ ಬಸ್ ಚಾಲಕರು ದಿನಕ್ಕೆ 9 ಗಂಟೆ ಓಡಿಸಬಹುದು, ವಾರಕ್ಕೆ ಎರಡು ಸಲ 10 ಗಂಟೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಎಡವುವುದು ಇನ್ನೊಂದರಲ್ಲಿ: ಪ್ರತಿ 24 ಗಂಟೆಯೊಳಗೆ 11 ಗಂಟೆ ಸತತ ವಿಶ್ರಾಂತಿ ಬೇಕು. ಒಂದು ಸಾಪ್ತಾಹಿಕ ವಿಶ್ರಾಂತಿಗೂ ಮುಂದಿನದಕ್ಕೂ ನಡುವೆ ಮೂರು ಸಲ ಮಾತ್ರ ಅದನ್ನು 9ಕ್ಕೆ ಇಳಿಸಬಹುದು. ಎಂದರೆ ಚಾಲಕರ ಕೆಲಸದ ದಿನ 13 ಗಂಟೆ, ಮೂರು ದಿನ ಮಾತ್ರ 15 ಗಂಟೆ.

ಲೆಕ್ಕ ಹಾಕಿ. ಬೆಳಿಗ್ಗೆ ಎಂಟೂವರೆಗೆ ಊರು ನೋಡಲು ಹೊರಟಿರಿ. ಕಛೇರಿ ಒಂಬತ್ತಕ್ಕೆ, ಮುಗಿದದ್ದು ಹನ್ನೊಂದಕ್ಕೆ, ವಾದ್ಯ ತುಂಬಿ ಹೋಟೆಲ್ ಸೇರುವಾಗ ಹನ್ನೆರಡೂವರೆ. ಹದಿನಾರು ಗಂಟೆಯಾಯಿತು, ನಿಯಮ ಮುರಿಯಿತು. ನಮ್ಮ ಮೊದಲ ಪ್ರವಾಸದಲ್ಲಿ ಇದೇ ಆಯಿತು. ಚಾಲಕರು ಒಳ್ಳೆಯವರು, ಆದರೆ ಗಡಿಯಾರದ ಮುಂದೆ ಅವರೇನು ಮಾಡಿಯಾರು? ರಾತ್ರಿ ಹನ್ನೊಂದೂವರೆಗೆ ಬೇರೆ ಬಸ್ಸು ಹುಡುಕಿ, ಎರಡು ಗಂಟೆ ಕಾದು, ಪುಟ್ಟ ಮಕ್ಕಳನ್ನು ಚರ್ಚಿನ ಮೆಟ್ಟಿಲ ಮೇಲೆ ಜಾಕೆಟ್ ಹಾಸಿ ಮಲಗಿಸಿದೆವು. ಆ ರಾತ್ರಿಯ ಹೊಣೆ ನನ್ನದೇ.

ಈಗ ನಾವು ಕಛೇರಿಯ ದಿನ ಬೆಳಿಗ್ಗೆ ಹತ್ತಕ್ಕೆ ಮೊದಲು ಬಸ್ಸು ಕದಲಿಸುವುದಿಲ್ಲ. ಹತ್ತಕ್ಕೆ ಹೊರಟು ಹನ್ನೆರಡೂವರೆಗೆ ಮರಳಿದರೆ ಹದಿನಾಲ್ಕೂವರೆ ಗಂಟೆ, ಮರುದಿನ ಒಂಬತ್ತೂವರೆಗೆ ಮೊದಲು ಹೊರಡುವಂತಿಲ್ಲ. ಇಂಥ ದಿನಗಳು ಮೂರು ಮೀರದಂತೆ ನೋಡಿ, ನಾಲ್ಕನೆಯ ಕಛೇರಿಯನ್ನು ಹೋಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲಿಡಿ. ಈ ನಿಯಮದಿಂದ ಮಕ್ಕಳಿಗೂ ನಿದ್ದೆ ಸಿಕ್ಕಿತು.

ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ ವಾಹನ ನಿರ್ಬಂಧವಿದೆ, ಅದಕ್ಕೆ 'ಜೆಡ್ ಟಿ ಎಲ್' ವಲಯ ಎನ್ನುತ್ತಾರೆ. ಫ್ಲಾರೆನ್ಸಿನಂಥ ಊರುಗಳಲ್ಲಿ ಪ್ರವಾಸಿ ಬಸ್ಸಿಗೆ ಪ್ರತ್ಯೇಕ ಶುಲ್ಕವೂ ಇದೆ. ವಾದ್ಯ ಇಳಿಸಲು ಅನುಮತಿ ಬೇಕೆಂದರೆ ಬಸ್ಸಿನ ನೋಂದಣಿ ಸಂಖ್ಯೆ ಸಮೇತ ಮೊದಲೇ ಬರೆಯಬೇಕು.

ಹೆಜ್ಜೆ 8: ಊಟ, ಕೋಣೆ, ಆರೋಗ್ಯ

ಮನೆಯಲ್ಲಿ ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವ ಮಕ್ಕಳಿದ್ದರೆ 'ವೆಜಿಟೇರಿಯನ್' ಎಂಬ ಒಂದು ಪದ ಸಾಲದು. ಮಿನೆಸ್ತ್ರೋನೆ ಸಾರಿಗೆ ಹಂದಿಮಾಂಸದ ಚೂರು ಬಿದ್ದಿರಬಹುದು, ರಿಸೊಟ್ಟೋ ಅನ್ನ ಬೆಂದದ್ದು ಮಾಂಸದ ಬಸಿಯಲ್ಲಿ ಆಗಿರಬಹುದು, ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ. ಪಾರ್ಮಿಜಾನೋ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕಿಯೇ ಹೆಪ್ಪುಗಟ್ಟಿಸುತ್ತಾರೆ, ಅದರ ನಿಯಮವೇ ಹಾಗೆ. ತಿನ್ನುವುದು ಬಿಡುವುದು ಆಯಾ ಮನೆಯ ತೀರ್ಮಾನ, ಆದರೆ ಮೊದಲೇ ತಿಳಿಸುವುದು ನಿಮ್ಮ ಕರ್ತವ್ಯ. ಚೀಸ್ ಇಲ್ಲದ ಮರಿನಾರಾ ಪಿಜ್ಜಾ, ರೊಟ್ಟಿ ಮತ್ತು ಟೊಮೆಟೊ ಬೇಯಿಸಿದ ಪಪ್ಪಾ ಅಲ್ ಪೊಮೊದೋರೋ ಸುರಕ್ಷಿತ. ಪೀಸಾ ಕಡೆಯ ಚೆಚೀನಾ ಎಂದರೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ. ಅದನ್ನು ತಿಂದ ನಮ್ಮ ತಂಡದ ಒಂದು ಮಗು "ಇದು ಅಜ್ಜಿ ಮಾಡೋ ಕಡಲೆಹಿಟ್ಟಿನ ದೋಸೆ ಥರ" ಎಂದು ಇನ್ನೆರಡು ತುಂಡು ಕೇಳಿತು.

ಕಛೇರಿಯ ದಿನ ದೊಡ್ಡ ಊಟ ಮಧ್ಯಾಹ್ನ ಒಂದಕ್ಕೆ. ಆರೂವರೆಗೆ ಹಗುರವಾದ ತಿಂಡಿಯನ್ನು ನೀವೇ ಕಟ್ಟಿಸಿಕೊಂಡು ಹೋಗಿ. ಏಳೂವರೆಗೆ ಮುಂಚೆ ಊಟ ಕೊಡುವ ರೆಸ್ಟೋರೆಂಟ್ ಸಿಗುವುದು ಕಷ್ಟ.

ಹೋಟೆಲಿನವರು ಪ್ರತಿಯೊಬ್ಬರ ಗುರುತಿನ ವಿವರವನ್ನು ಪೊಲೀಸರಿಗೆ ಕಳಿಸಲೇಬೇಕು. ಕೋಣೆವಾರು ಪಟ್ಟಿಯನ್ನು ಪಾಸ್‌ಪೋರ್ಟ್ ಸಂಖ್ಯೆ ಸಮೇತ ಮುಂಚೆ ಕಳಿಸಿದರೆ ಬಂದ ಕೂಡಲೇ ಬೀಗದ ಕೈ ಸಿಗುತ್ತದೆ. ತಲೆಗಿಷ್ಟು ಎಂದು ಊರಿನ ಪ್ರವಾಸಿ ತೆರಿಗೆಯೂ ಇರುತ್ತದೆ, ಎಷ್ಟು ವಯಸ್ಸಿನವರೆಗೆ ವಿನಾಯಿತಿ ಎಂಬುದು ಊರಿಂದೂರಿಗೆ ಬೇರೆ. ಜರ್ಮನಿಯಲ್ಲಿ ಹದಿನಾರಕ್ಕೆ ಬಿಯರ್ ಸಿಗುತ್ತದೆ, ಇಟಲಿಯಲ್ಲಿ ಹದಿನೆಂಟರ ಒಳಗಿನವರಿಗೆ ಮದ್ಯ ಮಾರುವಂತಿಲ್ಲ. ಇದನ್ನು ಹೊರಡುವ ಮೊದಲೇ ದೊಡ್ಡ ಹುಡುಗರಿಗೆ ಸ್ಪಷ್ಟವಾಗಿ ಹೇಳಿ. ತುರ್ತು ಕರೆ 112. ಪ್ರತಿ ಮಗುವಿನ ಅಲರ್ಜಿ, ಔಷಧಿ, ಮನೆಯ ಫೋನ್ ಸಂಖ್ಯೆ ಇರುವ ಒಂದು ಹಾಳೆ ಇಬ್ಬರು ಹಿರಿಯರ ಬಳಿ ಕಾಗದದಲ್ಲೇ ಇರಲಿ.

ಹೆಜ್ಜೆ 9: ಕಛೇರಿಯ ಸಂಜೆ

ನಾಲ್ಕೂವರೆಗೆ ಐದಾರು ದೊಡ್ಡ ಮಕ್ಕಳೊಂದಿಗೆ ಹೋಗಿ ಕುರ್ಚಿ, ಸ್ಟ್ಯಾಂಡ್ ಜೋಡಿಸಿ. ಐದೂವರೆಗೆ ಇಡೀ ತಂಡ. ರಿಹರ್ಸಲ್ ನಲವತ್ತೈದು ನಿಮಿಷ ಸಾಕು. ಇಡೀ ಕೃತಿ ನುಡಿಸಬೇಡಿ. ಪ್ರತಿಯೊಂದರ ಶುರು, ಕೊನೆ, ವೇಗ ಬದಲಾಗುವ ಜಾಗ, ಅಷ್ಟೇ. ಕಂಡಕ್ಟರ್ ಒಮ್ಮೆ ಬ್ಯಾಟನ್ ಕೆಳಗಿಟ್ಟು ಸಭೆಯ ಕೊನೆಯ ಸಾಲಿಗೆ ಹೋಗಿ ಕೇಳಬೇಕು. ಮಕ್ಕಳು ತಾವೇ ನುಡಿಸಿಕೊಳ್ಳುತ್ತಾರೆ, ಆಗಲೇ ಅವರು ಒಬ್ಬರನ್ನೊಬ್ಬರು ಕೇಳಲು ಶುರುಮಾಡುವುದು. ಸಂಜೆ ಪೂಜೆ ಇದ್ದರೆ ಅದಕ್ಕೆ ಮುಂಚೆ ವೇದಿಕೆ ಬಿಟ್ಟುಕೊಡಿ, ಪೂಜೆಗೆ ಕೂರಲು ಬಯಸುವ ಮಕ್ಕಳು ಕೂರಲಿ.

ಇಟಲಿಯಲ್ಲಿ ಒಂಬತ್ತು ಎಂದರೆ ಒಂಬತ್ತೂ ಕಾಲು. ಮೊದಲು ಊರಿನವರೊಬ್ಬರು ಸ್ವಾಗತಿಸಲಿ. ಆಮೇಲೆ ನಿಮ್ಮ ತಂಡದ ಒಂದು ಮಗು ಇಟಾಲಿಯನ್ ಭಾಷೆಯಲ್ಲಿ ನಾಲ್ಕು ವಾಕ್ಯ ಹೇಳಲಿ. ಉಚ್ಚಾರ ತಪ್ಪಿದರೂ ಚಪ್ಪಾಳೆ ಬೀಳುತ್ತದೆ. ವೇದಿಕೆ ಹತ್ತುವ ಮೊದಲು ಯಾರಾದರೂ "ಇನ್ ಬೋಕ್ಕಾ ಅಲ್ ಲೂಪೋ" ಎಂದು ಹಾರೈಸಿದರೆ, ಅಂದರೆ ತೋಳದ ಬಾಯಿಗೆ ಎಂದರೆ, "ಕ್ರೇಪಿ" ಎಂದು ಉತ್ತರಿಸಲು ಮಕ್ಕಳಿಗೆ ಕಲಿಸಿರಿ.

ಕಾರ್ಯಕ್ರಮ ಎಪ್ಪತ್ತು ನಿಮಿಷ ಮೀರದಿರಲಿ, ನಡುವೆ ವಿರಾಮ ಬೇಡ. ಮುಗಿದಾಗ ಅವರು "ಬಿಸ್! ಬಿಸ್!" ಎಂದು ಕೂಗುತ್ತಾರೆ. ಅದು ಮತ್ತೊಂದು ಬೇಕು ಎಂಬ ಬೇಡಿಕೆ. ಎರಡು ಬಿಸ್ ಸಿದ್ಧವಿಟ್ಟುಕೊಳ್ಳಿ. ಬಯಲು ಕಛೇರಿಯಲ್ಲಿ ಎರಡನೆಯದು ವೆರ್ದಿಯ ಒಪೆರಾದ ಸಮೂಹಗೀತೆ 'ವಾ, ಪೆನ್ಸಿಯೆರೋ' ಆಗಿರಲಿ. ನಾವು ಅದನ್ನು ಮೊದಲ ಸಲ ಚೌಕದಲ್ಲಿ ನುಡಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಹಾಡಲು ಶುರುಮಾಡಿದರು, ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಇಡೀ ಚೌಕ ಹಾಡುತ್ತಿತ್ತು. ನಮ್ಮ ಹಾರ್ನ್ ನುಡಿಸುವ ಹುಡುಗಿ ತನ್ನ ಸ್ವರ ಬಂದರೂ ಊದಲಾರದೆ ಸುಮ್ಮನೆ ಕೂತಿದ್ದಳು. ಅವಳ ಕಣ್ಣು ತುಂಬಿತ್ತು.

ಜನ ಹೋದ ಮೇಲೆ ಕುರ್ಚಿಗಳನ್ನು ಎಲ್ಲಿದ್ದವೋ ಅಲ್ಲಿಯೇ ಮಕ್ಕಳ ಕೈಯಲ್ಲೇ ಇಡಿಸಿ. ವಾದ್ಯದ ಪೆಟ್ಟಿಗೆಗಳಿಗೆ ಸಂಖ್ಯೆ ಹಚ್ಚಿರಿ. ಬಸ್ಸಿನ ಹೊಟ್ಟೆಗೆ ಹಾಕುವಾಗ ಒಬ್ಬರು ಜೋರಾಗಿ ಎಣಿಸಲಿ, ಇನ್ನೊಬ್ಬರು ಗುರುತು ಹಾಕಲಿ. ಬೀಗ ಹಾಕುವ ಚರ್ಚಿನ ಮೇಲ್ವಿಚಾರಕರ ಹೆಸರು ಕೇಳಿ ಬರೆದುಕೊಳ್ಳಿ. ಊರಿಗೆ ಮರಳಿದ ವಾರದೊಳಗೆ ಮಕ್ಕಳೆಲ್ಲ ಸಹಿ ಮಾಡಿದ ಒಂದು ಕಾರ್ಡ್, ಅಂದಿನ ಒಂದು ಫೋಟೋ ಅವರ ಹೆಸರಿಗೇ ಅಂಚೆಯಲ್ಲಿ ಕಳಿಸಿ. ಮೂರನೆಯ ಪ್ರವಾಸಕ್ಕೆ ನಾವು ಅದೇ ಸಣ್ಣ ಊರಿಗೆ ಹೋದಾಗ ಆ ಕಾರ್ಡು ಚರ್ಚಿನ ಬೀರುವಿನ ಬಾಗಿಲಿಗೆ ಅಂಟಿಸಿತ್ತು, ಕುರ್ಚಿಗಳು ಆಗಲೇ ಅರ್ಧವರ್ತುಲಾಕಾರದಲ್ಲಿ ಜೋಡಿಸಿದ್ದವು.